ನೋಡೋಣಪ್ಪನವರ ಮರಿ

ನೀರು ಸರಬರಾಜು ಕಚೇರಿಯ ದೂರು ಕಿಟಕಿಯ ಹಿಂದೆ ಕೂರುವ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಬಳಸುವವರು ಇರಲಿಲ್ಲ, ಅಷ್ಟೆ. ಊರಿಗೆಲ್ಲ ಅವರು ನೋಡೋಣಪ್ಪ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬಂದವರಿಗೆ "ನೋಡೋಣ" ಎನ್ನುವರು. ನೀರು ನಿಲ್ಲುತ್ತಲೇ ಇಲ್ಲ ಎಂದು ಬಂದವರಿಗೂ "ನೋಡೋಣ". ಒಬ್ಬರ ಮುಖ ನೋಡಿ 'ಇಲ್ಲ' ಎನ್ನಲು ಅವರಿಗೆ ನಾಲಿಗೆಯೇ ಏಳುತ್ತಿರಲಿಲ್ಲ. ಕೇಳಿದವರೂ ತಿಳಿದವರೇ. 'ನೋಡೋಣ' ಎಂದರೆ 'ಇಲ್ಲ' ಎಂದು ಅರ್ಥ ಮಾಡಿಕೊಂಡು, ಬಂದ ದಾರಿ ಹಿಡಿದು ಮನೆಗೆ ಹೋಗುತ್ತಿದ್ದರು. ಹೀಗೆ ಯಾರ ಮನಸ್ಸಿಗೂ ನೋವಾಗದಂತೆ, ಯಾರ ನಲ್ಲಿಗೂ ನೀರು ಬಾರದಂತೆ ಕಚೇರಿ ನಡೆದಿತ್ತು.

ಈ ಒಳಗುಟ್ಟು ತಿಳಿಯದವರು ಒಬ್ಬರೇ. ಹೊಸದಾಗಿ ವರ್ಗವಾಗಿ ಬಂದ ಸಾಹೇಬರು.

ಒಂದು ಮಧ್ಯಾಹ್ನ ಅವರು ನೋಡೋಣಪ್ಪನವರನ್ನು ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದರು. "ನಮ್ಮನೆ ನಾಯಿ ಮರಿ ಹಾಕಿತ್ತು. ಎಲ್ಲಾ ಹಳೇ ಊರಲ್ಲೇ ಕೊಟ್ಟು ಬಂದೆ. ಒಂದು ಉಳ್ಕೊಂಡಿದೆ. ನೀವು ತಗೊಳ್ತೀರಾ?"

ನೋಡೋಣಪ್ಪನವರು ತಮ್ಮಿಂದಾದಷ್ಟು ಗಟ್ಟಿಯಾಗಿ ನಿರಾಕರಿಸಿದರು. "ನೋಡೋಣ ಸಾರ್."

"ಸಂತೋಷ!" ಎಂದು ಸಾಹೇಬರು ಕೈ ಕುಲುಕಿದರು. "ಸಂಜೆ ನಾನೇ ತಂದುಕೊಡ್ತೀನಿ."

ಆ ಸಂಜೆ ಸಾಹೇಬರ ಕಾರು ಬಂತು. ಟವೆಲು ಹೊದಿಸಿದ ಬುಟ್ಟಿಯೊಂದು ಕೆಳಗಿಳಿಯಿತು. ಅದರ ಹಿಂದೆ ಒಂದಿಷ್ಟು ತಗಡಿನ ಡಬ್ಬಿಗಳು. "ಇದಕ್ಕೆ ಈ ಡಬ್ಬಿ ಊಟಾನೇ ಅಭ್ಯಾಸ. ಮುಗಿದ ಮೇಲೆ ನೀವು ತರಿಸಿಕೊಳ್ಳಿ. ಸೂಜಿ ಎಲ್ಲಾ ಹಾಕಿಸಿ ಮುಗಿಯೋವರೆಗೂ ಹೊರಗೆ ಬಿಡಬೇಡಿ" ಎಂದು ಹೇಳಿ ಸಾಹೇಬರು ಹೊರಟುಹೋದರು. ಮೇಲಿನ ಮನೆಯ ಕಿಟಕಿಯಿಂದ ನಿವೃತ್ತ ಟೀಚರು ಬುಟ್ಟಿಯನ್ನು ನೋಡಿದರು, ಟವೆಲನ್ನು ನೋಡಿದರು. ಒಳಗೆ ಏನಿತ್ತೆಂಬುದು ಮಾತ್ರ ಅವರಿಗೆ ಕಾಣಲಿಲ್ಲ. ಕಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ನಾಯಿ ಈ ಮನೇಲಿ ಇದ್ರೆ ನಾನು ತವರಿಗೆ ಹೋಗ್ತೀನಿ" ಎಂದು ಹೆಂಡತಿ ಸಾರಿದರು. ಹಾಗೆ ಸಾರುವಾಗ ಮರಿ ಅವರ ಪಾದದ ಮೇಲೆ ಗಲ್ಲವಿಟ್ಟು ನಿದ್ದೆ ಹೋಯಿತು. ಅದು ಎಚ್ಚರವಾದೀತೆಂದು ಅವರು ಕಾಲು ಕದಲಿಸಲಿಲ್ಲ. ತವರಿನ ಮಾತು ಮರುದಿನಕ್ಕೆ ಬಿತ್ತು, ಆಮೇಲೆ ಯಾರಿಗೂ ನೆನಪಾಗಲಿಲ್ಲ. ಇಬ್ಬರೇ ಇದ್ದ ಮನೆ. ಅಲ್ಲಿ ಮಾತೆಂದರೆ ಹಾಲು ಬಂತೇ, ಗ್ಯಾಸ್ ಮುಗಿಯಿತೇ ಎಂಬಷ್ಟೇ ಆಗಿ ಬಹಳ ಕಾಲವಾಗಿತ್ತು. ಈಗ ಅಡುಗೆಮನೆಯಿಂದ ಬೆಳಗಾದರೆ ಬೈಗುಳ, ನಗು, ಪಾತ್ರೆ ಉರುಳುವ ಸದ್ದು. ನೋಡೋಣಪ್ಪನವರು ಪೇಪರು ಹಿಡಿದು ಇದನ್ನೆಲ್ಲ ಕೇಳುತ್ತ ಕೂತಿರುತ್ತಿದ್ದರು. ಪೇಪರು ಒಮ್ಮೊಮ್ಮೆ ತಲೆಕೆಳಗಾಗಿರುತ್ತಿತ್ತು.

ಡಬ್ಬಿಗಳು ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು. ಮುಗಿದ ಮೇಲೆ ಅವರು ಪ್ರಾಣಿಗಳ ಅಂಗಡಿಗೆ ಹೋದರು. ಅದೇ ಡಬ್ಬಿಯ ಬೆಲೆ ಕೇಳಿದ ಮೇಲೆ ಅಂಗಡಿಯವನು ಕೊಟ್ಟ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತರು.

"ಬೇರೆ ಏನಿದೆ?"

ಅಂಗಡಿಯವನು ಮೇಲಿನ ಸಾಲಿನ ಚೀಲ ತೋರಿಸಿದ. ನೋಡೋಣಪ್ಪನವರ ಕಣ್ಣು ಅದರ ಕೆಳಗಿನ ಸಾಲಿಗೆ ಇಳಿಯಿತು. ಅದನ್ನು ತೋರಿಸಿದ. ಕಣ್ಣು ಇನ್ನೂ ಒಂದು ಸಾಲು ಇಳಿಯಿತು. ಹೀಗೆ ಇಳಿಯುತ್ತ ಇಳಿಯುತ್ತ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತರು.

"ಇದಕ್ಕಿಂತ ಕೆಳಗೆ?"

"ಇದಕ್ಕಿಂತ ಕೆಳಗೆ ನೆಲ ಸಾರ್."

ನೆಲಕ್ಕೆ ತಾಗಿದ್ದ ಚೀಲವನ್ನೇ ತಂದರು. ಮರಿ ಅದನ್ನು ಮೂಸಿತು, ಸೀನಿತು, ಮೂತಿಯಿಂದ ಕಾಲೊರಸು ಎಳೆದು ತಟ್ಟೆಯ ಮೇಲೆ ಮುಚ್ಚಿತು. ಬ್ರೆಡ್ಡು ಹಾಲಿನಲ್ಲಿ ನೆನೆಸಿ ಇಟ್ಟರು. ಕಾಲೊರಸು ಮುಚ್ಚಿತು. ಕುಂಬಳಕಾಯಿ ಬೇಯಿಸಿದರು, ಮೀನಿನ ತಲೆ ಬೇಯಿಸಿದರು. ಮೀನಿಗೆ ಮನೆಯವರೇ ಮೂಗು ಮುಚ್ಚಿಕೊಂಡರು, ಮರಿ ಊಟ ಮುಚ್ಚಿಟ್ಟಿತು. ಕೊನೆಗೆ ಹೆಂಡತಿ ಅನ್ನಕ್ಕೆ ಮೊಟ್ಟೆ, ಕ್ಯಾರೆಟ್ಟು ಹಾಕಿ ಹದವಾಗಿ ಕಲಸಿಟ್ಟರು. ಮರಿ ಅವರ ಮುಖ ನೋಡಿ, ಬಾಲ ಅಲ್ಲಾಡಿಸಿ, ಕೃತಜ್ಞತೆಯಿಂದ ಹೋಗಿ ನೋಡೋಣಪ್ಪನವರ ಎಡಗಾಲಿನ ಚಪ್ಪಲಿ ತಿಂದಿತು. ಬಲಗಾಲಿನದ್ದು ಮೆಚ್ಚಲಿಲ್ಲ.

ಇಷ್ಟಾದರೂ ಕಚೇರಿಯಲ್ಲಿ ನೋಡೋಣಪ್ಪನವರು ಮರಿಯ ಸುದ್ದಿ ಎತ್ತಲಿಲ್ಲ. ಅದಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ಕ್ಯಾಂಟೀನಿನಲ್ಲಿ ಅವರು ನಾಯಿ ಸಾಕುವವರ ಬಗ್ಗೆ ದೊಡ್ಡ ಭಾಷಣ ಮಾಡಿದ್ದರು. "ನಾಯಿಗೆ ಡಬ್ಬಿ ಊಟವಂತೆ! ನಾಳೆ ಕರವಸ್ತ್ರಾನೂ ಕಟ್ತಾರೆ!" ಎಂದು ಟೇಬಲ್ಲು ಕುಟ್ಟಿದ್ದರು. ಎಲ್ಲರೂ ನಕ್ಕಿದ್ದರು. ಒಬ್ಬ ಮನುಷ್ಯ ಜೀವಮಾನದಲ್ಲಿ ಒಂದೇ ಭಾಷಣ ಮಾಡಿದ್ದರೆ, ಅದನ್ನು ನುಂಗಿಕೊಳ್ಳುವುದು ಕಷ್ಟ. ಆದ್ದರಿಂದ ಮನೆಗೆ ಫೋನು ಮಾಡುವಾಗ ಅವರು ಕೈ ಅಡ್ಡ ಹಿಡಿದು ಪಿಸುಗುಟ್ಟುತ್ತಿದ್ದರು. ಪಿಸುಮಾತು ಪಕ್ಕದ ಮೇಜಿಗೆ ಎಷ್ಟು ಸ್ಪಷ್ಟವಾಗಿ ಕೇಳುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಪಕ್ಕದ ಮೇಜು ಬಿಲ್ ಮೇಡಂ ಅವರದು. ಒಳ್ಳೆಯ ಹೆಂಗಸು, ಕಷ್ಟದಲ್ಲಿದ್ದವರಿಗೆ ಮರುಗುವವರು. ಅವರ ಕಿವಿಗೆ ಬಿದ್ದದ್ದು ಇಷ್ಟು.

"ತಿಂತಾ?... ಏನೂ ಇಲ್ವಾ?... ಬೇರೆ ಮಾಡೋದೇನೂ ಬೇಡ, ನಿನ್ನೇದೇ ಇದೆಯಲ್ಲ, ಅದನ್ನೇ ಇಡು... ಅಳ್ತಿದ್ರೆ ಅಳಲಿ ಬಿಡು... ಮೇಜಿನ ಕಾಲಿಗೆ ಕಟ್ಟಿದೀಯ ತಾನೇ?... ಎಷ್ಟು ಚಿಕ್ಕದಾದ್ರೇನು, ಕಚ್ಚೋದು ತಪ್ಪಲ್ವಾ?... ಇಲ್ಲ ಇಲ್ಲ, ಅದಕ್ಕಿಂತ ಅಗ್ಗದ್ದು ಸಿಗುತ್ತಾ ವಿಚಾರಿಸ್ತೀನಿ."

ಬಿಲ್ ಮೇಡಂ ಕೈಯಲ್ಲಿದ್ದ ರಬ್ಬರು ಸ್ಟಾಂಪು ಗಾಳಿಯಲ್ಲೇ ನಿಂತಿತು. ನಮ್ಮ ಭಾಷೆಯಲ್ಲಿ ಕೂಸಿಗೂ 'ಅದು', ಕುನ್ನಿಗೂ 'ಅದು'. ಅಳುವುದೂ ಅದೇ, ತಿನ್ನದಿರುವುದೂ ಅದೇ. ವ್ಯಾಕರಣ ಮಾಡಿದವರು ಇದರಿಂದ ನೀರು ಸರಬರಾಜು ಕಚೇರಿಯಲ್ಲಿ ಏನಾದೀತೆಂದು ಯೋಚಿಸಲಿಲ್ಲ.

ಊಟದ ಬಿಡುವಿನಲ್ಲಿ ಮೇಡಂ ಹತ್ತಿರ ಬಂದು, ಸ್ವರ ತಗ್ಗಿಸಿ ಕೇಳಿದರು. "ಸಾರ್, ತಪ್ಪು ತಿಳ್ಕೋಬೇಡಿ. ಮನೇಲಿ... ಎಷ್ಟು ತಿಂಗಳು?"

ಸಿಕ್ಕಿಬಿದ್ದೆನೆಂದು ನೋಡೋಣಪ್ಪನವರ ಕಿವಿ ಕೆಂಪಾಯಿತು. "ಎರಡು ತುಂಬಿದೆ ಮೇಡಂ. ಯಾರಿಗೂ ಹೇಳ್ಬೇಡಿ."

"ಎಲ್ಲಿಂದ ತಂದ್ರಿ?"

"ಸಾಹೇಬ್ರು ಕೊಟ್ಟರು."

"ನಮ್ಮ ಸಾಹೇಬ್ರಾ!"

"ಮೆಲ್ಲಗೆ ಮೇಡಂ. ಅವರಿಗೆ ಇಟ್ಕೊಳ್ಳೋಕೆ ಆಗಲ್ಲ ಅಂತ ಸಂಜೆ ಹೊತ್ತು ತಾವೇ ತಂದು ಬಿಟ್ಟು ಹೋದ್ರು."

"ತಾಯಿ?"

"ತಾಯಿ ಸಾಹೇಬ್ರ ಮನೇಲೇ. ತಂದೆ ಯಾರು ಅಂತ ಮಾತ್ರ ಅವರಿಗೂ ಸರಿಯಾಗಿ ಗೊತ್ತಿಲ್ವಂತೆ." ಇಷ್ಟು ಹೇಳಿ, ಗುಟ್ಟು ಹಂಚಿಕೊಂಡ ಹಗುರದಲ್ಲಿ ಸೇರಿಸಿದರು. "ಏನು ಮಾಡೋದು, ಅದರ ತಪ್ಪಾ ಮೇಡಂ?"

ಬಿಲ್ ಮೇಡಂ ಮಾತು ಕೊಟ್ಟಂತೆ ಯಾರಿಗೂ ಹೇಳಲಿಲ್ಲ. ಮೀಟರ್ ವಿಭಾಗದವರಿಗೆ ಮಾತ್ರ ಹೇಳಿದರು. ಮೀಟರ್ ವಿಭಾಗದವರ ಕೆಲಸವೇ ಮನೆಮನೆ ಸುತ್ತುವುದು.

ಮರುದಿನದಿಂದ ಕಚೇರಿಯಲ್ಲಿ ವಿಚಿತ್ರಗಳು ನಡೆದವು. ಸಾಹೇಬರು ಬಂದಾಗ ನಮಸ್ಕಾರಗಳು ಅರ್ಧಕ್ಕೆ ನಿಂತವು. ಸಾಹೇಬರು ಮೂರು ಸಲ ಕನ್ನಡಿ ನೋಡಿಕೊಂಡರು, ಮುಖಕ್ಕೇನಾದರೂ ಮೆತ್ತಿದೆಯೇ ಎಂದು. ನೋಡೋಣಪ್ಪನವರ ಮೇಜಿನ ಮೇಲೆ ಮಾತ್ರ ಯಾರೋ ಹಾಲಿನ ಪುಡಿ ಇಟ್ಟರು. ಯಾರೋ ನಿಪ್ಪಲು ಬಾಟಲಿ ಇಟ್ಟರು. ಕ್ಯಾಂಟೀನಿನವರು ಬೇಯಿಸಿದ ಮೊಟ್ಟೆಯೊಂದನ್ನು ಕಾಗದದಲ್ಲಿ ಸುತ್ತಿ ಜೇಬಿಗೇ ಹಾಕಿ, "ಹಣೆಬರಹ ಸಾರ್, ಚೆನ್ನಾಗಿ ನೋಡ್ಕೊಳ್ಳಿ" ಎಂದು ಭುಜ ತಟ್ಟಿದರು. ದುಡ್ಡು ಕೇಳಲಿಲ್ಲ. ಒಬ್ಬ ಪ್ಲಂಬರು ತನ್ನ ಮಗನ ಹಳೆಯ ಗಿಲಕಿ ತಂದುಕೊಟ್ಟ.

ನೋಡೋಣಪ್ಪನವರು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡರು. ಮನೆಗೆ ಬಂದು ಹೆಂಡತಿಗೆ ಹೇಳಿದರು, "ನಾನು ಆವತ್ತು ನಾಯಿ ಸಾಕೋರನ್ನ ಅಷ್ಟು ಆಡಿಕೊಂಡೆ. ಒಬ್ಬರೂ ಅದನ್ನ ಎತ್ತಲಿಲ್ಲ ನೋಡು. ಎಂಥಾ ಜನ!"

"ಬಾಟಲಿ ಯಾಕ್ರೀ? ಇದಕ್ಕೆ ಹಲ್ಲು ಬಂದಿದೆಯಲ್ಲ."

"ಪ್ರೀತಿಯಿಂದ ಕೊಟ್ಟಿದಾರೆ ಕಣೆ. ಹಲ್ಲು ಎಣಿಸಿ ಕೊಡ್ತಾರಾ?"

ಮರಿ ಹಾಲಿನ ಪುಡಿಯನ್ನೂ ಮೊಟ್ಟೆಯನ್ನೂ ಕಾಲೊರಸಿನಡಿ ಸೇರಿಸಿತು. ಅದರ ಪಕ್ಕೆಲುಬು ಕೈಗೆ ಸಿಗತೊಡಗಿತ್ತು.

ಆಗಲೇ ಸಾಹೇಬರ ಫೋನು ಬಂತು. "ಹೇಗಿದೆ ಮರಿ?"

"ಚೆನ್ನಾಗಿದೆ ಸಾರ್. ಊಟ ಸ್ವಲ್ಪ... ಕಮ್ಮಿ."

"ಡಬ್ಬಿ ತರಿಸ್ತಿಲ್ವಾ? ಪರವಾಗಿಲ್ಲ ಬಿಡಿ, ಎಲ್ಲರಿಗೂ ಕಷ್ಟಾನೇ. ನಮ್ಮ ಪೈಪ್ ಕಂಟ್ರಾಕ್ಟರು ಒಂದು ಮರಿ ಬೇಕು ಅಂತಿದ್ರು. ದೊಡ್ಡ ಮನೆ, ಡಬ್ಬಿಗೇನೂ ಕೊರತೆಯಿಲ್ಲ. ಭಾನುವಾರ ಬರ್ತೀನಿ. ಅಷ್ಟರಲ್ಲಿ ಅದು ಊಟ ಮಾಡದಿದ್ರೆ ಅವರಿಗೇ ಕೊಟ್ಟುಬಿಡೋಣ. ಪಾಪ, ಅದು ಯಾಕೆ ಉಪವಾಸ ಇರಬೇಕು? ಆಗಬಹುದಲ್ವಾ?"

ನೋಡೋಣಪ್ಪನವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎಲ್ಲ ಶಕ್ತಿ ಕೂಡಿಸಿ ಹೇಳಿದರು. "ನೋಡೋಣ ಸಾರ್."

"ಗುಡ್! ಹಾಗಾದ್ರೆ ಆಯ್ತು."

ಆ ರಾತ್ರಿಯ ಊಟಕ್ಕೆ ಮರಿಯ ಮುಂದೆ ಗಂಡಹೆಂಡತಿ ಇಬ್ಬರೂ ಮಂಡಿಯೂರಿದರು. "ತಿನ್ನೋ ಬಂಗಾರ. ಒಂದೇ ಒಂದು ತುತ್ತು. ತಿನ್ನದಿದ್ರೆ ಸಾಹೇಬ್ರು ಬಂದು ನಿನ್ನ ಕಂಟ್ರಾಕ್ಟರ್‌ಗೆ ಕೊಟ್ಟುಬಿಡ್ತಾರೆ ಕಣೋ!" ಎಂದು ಹೆಂಡತಿ ಬೇಡಿದರು. ಕಿಟಕಿ ತೆರೆದಿತ್ತು. ಮೇಲಿನ ಮನೆಯಲ್ಲಿ ಟೀಚರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

ಮರುದಿನ ತರಕಾರಿ ಅಂಗಡಿಯಲ್ಲಿ ಅವರಿಗೆ ನೋಡೋಣಪ್ಪನವರ ಅಕ್ಕ ಸಿಕ್ಕಿದರು. ಆ ಅಕ್ಕ ಎರಡು ಬೀದಿ ಆಚೆ ಇರುವವರು. ದಪ್ಪ ದನಿ, ಅದಕ್ಕಿಂತ ದಪ್ಪ ಕನ್ನಡಕ, ಮೆತ್ತನೆ ಮನಸ್ಸು.

"ತಮ್ಮನ ಮನೆಗೆ ಕೂಸು ಬಂದಿದೆಯಲ್ಲ, ನಿಮಗೆ ಗೊತ್ತಿಲ್ವಾ?" ಎಂದರು ಟೀಚರು. "ಪಾಪ, ಏನೂ ತಿಂತಿಲ್ಲ. ಅದನ್ನ ಯಾರೋ ಕಂಟ್ರಾಕ್ಟರ್‌ಗೆ ಕೊಡೋ ಮಾತೂ ಆಡ್ತಿದಾರೆ."

ಅಕ್ಕನ ಕೈಯಿಂದ ಬದನೆಕಾಯಿ ತಕ್ಕಡಿಗೆ ಬಿತ್ತು. ಎಷ್ಟೋ ವರ್ಷಗಳಿಂದ ಅವರು ಕಾದಿದ್ದ ಸುದ್ದಿ. ಕಾದು ಕಾದು, ಇನ್ನು ಕೇಳಬಾರದೆಂದು ಬಿಟ್ಟಿದ್ದ ಸುದ್ದಿ. ಅದು ಬದನೆಕಾಯಿ ಆರಿಸುವಾಗ ಪರರ ಬಾಯಿಂದ ಬರುವುದೇ? "ನನಗೆ ಹೇಳದೆ! ಹೆತ್ತವಳ ಹಾಗೆ ಸಾಕಿದ ನನಗೇ ಹೇಳದೆ!" ಎಂದು ಅವರು ತೂಕ ಹಾಕಿಸದೆಯೇ ಮನೆಗೆ ನಡೆದರು.

ಭಾನುವಾರ ಬೆಳಿಗ್ಗೆ ನೋಡೋಣಪ್ಪನವರ ಮನೆಯಲ್ಲಿ ಮಾತಿರಲಿಲ್ಲ. ಹೆಂಡತಿಯ ಕಣ್ಣು ಊದಿತ್ತು. ಬುಟ್ಟಿಯನ್ನು ಒರೆಸಿ, ಟವೆಲು ಒಗೆದು ಮಡಚಿಟ್ಟಿದ್ದರು. ಅನ್ನ, ಮೊಟ್ಟೆ, ಕ್ಯಾರೆಟ್ಟು ಕಲಸಿದ ತಟ್ಟೆ ಅಡುಗೆಮನೆಯಲ್ಲಿ ಕಾಲೊರಸು ಹೊದ್ದು ಕೂತಿತ್ತು. ಮರಿ ಮಂಚದಡಿ ಸೇರಿತ್ತು.

ಬಾಗಿಲು ಬಡಿದ ಸದ್ದಿಗೆ ಇಬ್ಬರೂ ಬೆಚ್ಚಿದರು. ಆದರೆ ಬಂದವರು ಅಕ್ಕ. ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡಿದ್ದರು.

"ನಿನ್ನ ಜೊತೆ ಮಾತಿಲ್ಲ" ಎಂದರು ತಮ್ಮನಿಗೆ. "ಎಲ್ಲಿ ಅದು?"

"ಒಳಗೆ ಮಂಚದ ಕೆಳಗೆ ಇದೆ ಅಕ್ಕಾ."

"ಮಂಚದ ಕೆಳಗಾ! ಯಾಕೋ?"

"ಅದಕ್ಕೆ ಅಲ್ಲೇ ಇಷ್ಟ."

ಅಕ್ಕ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಮೇಲಿನ ಮನೆಯ ಟೀಚರು ಇಳಿದು ಬಂದರು, ಸುಮ್ಮನೆ ಸಕ್ಕರೆ ಕೇಳಲು ಬಂದವರಂತೆ ಲೋಟ ಹಿಡಿದು. ಅವರ ಹಿಂದೆ ಬಿಲ್ ಮೇಡಂ. ಅವರ ಪಕ್ಕದಲ್ಲಿ ಗಂಭೀರ ಮುಖದ ಇನ್ನೊಬ್ಬ ಹೆಂಗಸು.

"ಕ್ಷಮಿಸಿ ಸಾರ್, ನನಗೆ ನಿದ್ದೇನೇ ಬರಲಿಲ್ಲ" ಎಂದರು ಬಿಲ್ ಮೇಡಂ. "ಇವರು ನಮ್ಮ ಚಿಕ್ಕಮ್ಮನ ಮಗಳು. ಮಕ್ಕಳ ರಕ್ಷಣಾ ಇಲಾಖೇಲಿ ಅಧಿಕಾರಿ."

ನೋಡೋಣಪ್ಪನವರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ಮಾಡುವಂತೆ ಎಲ್ಲರಿಗೂ ಕುರ್ಚಿ ಹಾಕಿದರು.

"ಅದನ್ನ ಕಟ್ಟಿಹಾಕ್ತೀರಂತೆ?" ಎಂದರು ಅಧಿಕಾರಿ.

"ಕೆಲವು ಸಲ. ಚಪ್ಪಲಿ ತಿನ್ನುತ್ತೆ ಮೇಡಂ."

"ಚಪ್ಪಲಿ!"

"ಎಡಗಾಲಿಂದು ಮಾತ್ರ."

"ಅಯ್ಯೋ ಶಿವನೇ, ಹಸಿವು ತಡೀಲಾರದೆ!" ಎಂದು ಅಕ್ಕ ಕಣ್ಣಿಗೆ ಕೈ ಒತ್ತಿಕೊಂಡರು.

"ನಾವು ಏನೆಲ್ಲಾ ಮಾಡಿ ಹಾಕಿದ್ವಿ ಅತ್ತಿಗೇ" ಎಂದು ಹೆಂಡತಿಯೂ ಅಳತೊಡಗಿದರು. "ಯಾವುದನ್ನೂ ಮುಟ್ಟಲ್ಲ. ಮೂಸಿ ಬಿಟ್ಟುಬಿಡುತ್ತೆ."

"ಮೂಸಿ?" ಎಂದರು ಅಧಿಕಾರಿ.

ಅಕ್ಕನಿಗೆ ಸಾಕಾಯಿತು. "ನೀವೆಲ್ಲ ಮಾತಾಡ್ತಾ ಕೂತಿರಿ. ಹೊಸ ಜಾಗ, ಹೆದರಿಕೊಂಡಿದೆ, ಅಷ್ಟೆ. ಮಕ್ಕಳನ್ನ ಹೇಗೆ ಕರೀಬೇಕು ಅಂತ ನನಗೆ ಗೊತ್ತು" ಎಂದು ಎದ್ದರು. ಸುತ್ತ ನೋಡಿದರು. ಅಡುಗೆಮನೆಯ ಕಟ್ಟೆಯ ಮೇಲೆ ಸಾಹೇಬರು ತಂದಿದ್ದ ಖಾಲಿ ಡಬ್ಬಿಯೊಂದರಲ್ಲಿ ಹೆಂಡತಿ ಚಮಚಗಳನ್ನು ನಿಲ್ಲಿಸಿಟ್ಟಿದ್ದರು. ಅಕ್ಕ ಚಮಚಗಳನ್ನು ಸುರಿದು, ಒಂದನ್ನು ಮಾತ್ರ ಕೈಗೆ ತೆಗೆದುಕೊಂಡು, ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಡಬ್ಬಿ ಬಾರಿಸಿದರು.

ಟಣ್ ಟಣ್ ಟಣ್!

"ಬಾರೋ ನನ್ನ ರಾಜಾ! ಅತ್ತೆ ಬಂದಿದೀನಿ ನೋಡು!"

ಟಣ್ ಟಣ್!

ಮಂಚದಡಿಯಿಂದ ಕಂದು ಬಣ್ಣದ ಉಂಡೆಯೊಂದು ಸಿಡಿಯಿತು. ನಯವಾದ ನೆಲದ ಮೇಲೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿ, ಅಧಿಕಾರಿಯ ಕುರ್ಚಿಗೆ ಡಿಕ್ಕಿ ಹೊಡೆದು, ಎದ್ದು, ಓಡಿಬಂದು ಅಕ್ಕನ ಕಾಲ ಬುಡದಲ್ಲಿ ನೆಟ್ಟಗೆ ಕೂತಿತು. ಕಿವಿ ನಿಮಿರಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದಕ್ಕೆ ಬಾಲ ಇದೆ" ಎಂದರು.

"ನಾಯಿಮರಿ ಅಲ್ವಾ ಅಕ್ಕಾ, ಇರುತ್ತೆ" ಎಂದರು ನೋಡೋಣಪ್ಪನವರು.

ಅಷ್ಟರಲ್ಲಿ ಹೆಂಡತಿಗೆ ಏನೋ ಹೊಳೆದು ಅಡುಗೆಮನೆಗೆ ಓಡಿದರು. "ನಿಲ್ಲಿಸ್ಬೇಡಿ ಅತ್ತಿಗೇ, ಬಾರಿಸ್ತಾನೇ ಇರಿ!" ಎಂದು ಕೂಗುತ್ತ, ಕಾಲೊರಸಿನಡಿಯ ಅದೇ ತಟ್ಟೆ ತಂದು ಮರಿಯ ಮುಂದಿಟ್ಟರು. ಅಕ್ಕ ಏನೂ ತಿಳಿಯದೆ ಬಾರಿಸುತ್ತ ನಿಂತರು. ಮರಿ ಅನ್ನ ತಿಂದಿತು, ಮೊಟ್ಟೆ ತಿಂದಿತು, ಕ್ಯಾರೆಟ್ಟು ತಿಂದಿತು. ಖಾಲಿ ತಟ್ಟೆಯನ್ನು ನೆಕ್ಕುತ್ತ ನೆಕ್ಕುತ್ತ ಬಾಗಿಲವರೆಗೆ ತಳ್ಳಿಕೊಂಡು ಹೋಯಿತು.

"ರುಚಿ ಅಲ್ಲ ಕಣ್ರೀ ಇದಕ್ಕೆ ಬೇಕಾಗಿದ್ದು!" ಎಂದು ಹೆಂಡತಿ ನಗುತ್ತ ಅಳುತ್ತ ಹೇಳಿದರು. "ಹುಟ್ಟಿದಾಗಿಂದ ಡಬ್ಬಿಗೆ ಚಮಚ ತಾಗೋ ಸದ್ದು ಕೇಳಿ ಊಟ ಮಾಡಿದೆ. ಸದ್ದಿಲ್ಲದೆ ಬಂದಿದ್ದು ಊಟಾನೇ ಅಲ್ಲ ಅಂದ್ಕೊಂಡಿದೆ!"

ಬಿಲ್ ಮೇಡಂ ಮುಖ ಮುಚ್ಚಿಕೊಂಡರು. "ತಂದೆ ಯಾರು ಅಂತ ಗೊತ್ತಿಲ್ಲ ಅಂದ್ರಲ್ಲ ಸಾರ್!"

"ಗೊತ್ತಿಲ್ವಲ್ಲ ಮೇಡಂ. ಬೀದಿ ಕಡೆಯದೇ ಯಾವುದೋ ಇರಬೇಕು."

ಆಗ ನೋಡೋಣಪ್ಪನವರಿಗೆ ನಿಧಾನವಾಗಿ ಎಲ್ಲ ತಿಳಿಯತೊಡಗಿತು. ಹಾಲಿನ ಪುಡಿ ತಿಳಿಯಿತು, ಬಾಟಲಿ ತಿಳಿಯಿತು, ಗಿಲಕಿ ತಿಳಿಯಿತು. ಕೊನೆಗೆ ಅಕ್ಕನ ಕಂಕುಳಿನ ಬಟ್ಟೆಚೀಲದ ಮೇಲೆ ಕಣ್ಣು ನಿಂತಿತು. ಅಕ್ಕ ಅದನ್ನು ಬೆನ್ನ ಹಿಂದೆ ಮರೆಮಾಡಿದರು. ಅದೇ ಹೊತ್ತಿಗೆ ಸಾಹೇಬರು ಬಾಗಿಲಿಗೆ ಬಂದರು.

ಟೀಚರೂ ಬಿಲ್ ಮೇಡಮ್ಮೂ ಅವರನ್ನು ತಲೆಯಿಂದ ಕಾಲಿನವರೆಗೆ ಹೊಸದಾಗಿ ನೋಡಿ, ಮನಸ್ಸಿನಲ್ಲೇ ತಪ್ಪಾಯಿತೆಂದುಕೊಂಡು, ಇಷ್ಟು ದಿನ ಬಾಕಿ ಉಳಿದಿದ್ದ ನಮಸ್ಕಾರವನ್ನು ಎರಡೆರಡು ಸಲ ಮಾಡಿದರು. ಸಾಹೇಬರು ತಬ್ಬಿಬ್ಬಾಗಿ ಮತ್ತೆ ಮುಖ ಒರೆಸಿಕೊಂಡರು.

"ಓ, ಊಟ ಮಾಡಿದ ಹಾಗಿದೆ!" ಎಂದರು ಮರಿಯನ್ನು ನೋಡಿ. "ಒಳ್ಳೇದಾಯ್ತು. ಆದರೆ ನೀವು ಆಗಬಹುದು ಅಂದಿದ್ರಲ್ಲ, ನಾನು ಕಂಟ್ರಾಕ್ಟರ್‌ಗೆ ಮಾತು ಕೊಟ್ಟುಬಿಟ್ಟೆ. ಅವರ ಮಕ್ಕಳು ಕಾಯ್ತಿದಾರಂತೆ. ತಗೊಂಡು ಹೋಗಲಾ?"

ಬುಟ್ಟಿ ಮೂಲೆಯಲ್ಲಿ ಸಿದ್ಧವಾಗಿತ್ತು. ಹೆಂಡತಿ ಅದರ ಕಡೆ ನೋಡದೆ ಗಂಡನ ಕಡೆ ನೋಡಿದರು. ಹೆಂಡತಿಯ ಪಾದದ ಮೇಲೆ ಮರಿ ಗಲ್ಲವಿಟ್ಟಾಗಿತ್ತು. ನೋಡೋಣಪ್ಪನವರ ನಾಲಿಗೆ ಹಳೆಯ ದಾರಿ ಹಿಡಿಯಿತು.

"ನೋ..." ಎಂದರು. ಅಲ್ಲೇ ನಿಂತರು. ಈ ಮನುಷ್ಯನಿಗೆ ಆ ಮಾತಿನ ಅರ್ಥವೇ ಬೇರೆ ಎಂಬುದು ಕೊನೆಗೂ ಅವರ ತಲೆಗೆ ಹೊಳೆಯಿತು.

"ಕೊಡಲ್ಲ ಸಾರ್."

"ಏನಂದ್ರಿ?"

"ಕೊಡಲ್ಲ." ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. "ಅದು ನಮ್ಮದು."

ಬಿಲ್ ಮೇಡಂ ತಮ್ಮ ಕಿವಿಯನ್ನೇ ನಂಬಲಿಲ್ಲ. ಸಾಹೇಬರು ಜೋರಾಗಿ ನಕ್ಕರು. "ಮೊದಲೇ ಹೀಗೆ ಹೇಳಬಾರದಿತ್ತೇನ್ರೀ? ಈಗ ಕಂಟ್ರಾಕ್ಟರ್‌ಗೆ ನಾನೇನು ಹೇಳಲಿ?"

"ಬೇಜಾರಾಗದ ಹಾಗೆ ಹೇಳೋದಕ್ಕೆ ಒಂದು ಮಾತಿದೆ ಸಾರ್" ಎಂದರು ನೋಡೋಣಪ್ಪನವರು ವಿನಯದಿಂದ. "'ನೋಡೋಣ' ಅನ್ನಿ."

ಅಧಿಕಾರಿ ಎದ್ದು, ಮರಿಯ ತಲೆ ಸವರಿ, "ನಾನು ನೋಡೋಕೆ ಬಂದ ಕೂಸು ಆರೋಗ್ಯವಾಗಿದೆ. ಮನೆಯವರು ಒಳ್ಳೆಯವರು" ಎಂದು ಬಹಳ ಗಂಭೀರವಾಗಿ ಹೇಳಿ ಹೊರಟರು. ಟೀಚರಿಗೆ ಲೋಟ ತುಂಬ ಸಕ್ಕರೆ ಸಿಕ್ಕಿತು.

ಎಲ್ಲರೂ ಹೋದ ಮೇಲೂ ಅಕ್ಕ ಕೂತೇ ಇದ್ದರು. ಹೆಂಡತಿ ಅವರ ಪಕ್ಕದಲ್ಲಿ ಕೂತು, ಕೇಳದೆಯೇ, ಮೆಲ್ಲಗೆ ಆ ಚೀಲ ಬಿಡಿಸಿದರು. ಒಳಗೆ ಒಂದು ಪುಟ್ಟ ಹಳದಿ ಸ್ವೆಟರ್ ಇತ್ತು. ನುಸಿಗುಳಿಗೆಯ ವಾಸನೆ. ತಮ್ಮನ ಮದುವೆಯಾದ ಹೊಸತರಲ್ಲೇ ಅಕ್ಕ ಹೆಣೆದಿಟ್ಟದ್ದು. ಇಷ್ಟು ವರ್ಷ ಅದರ ಮಾತು ಒಂದು ಸಲವೂ ಅವರ ಬಾಯಿಗೆ ಬಂದಿರಲಿಲ್ಲ.

"ಇರಲಿ ಬಿಡು, ವಾಪಸ್ ತಗೊಂಡು ಹೋಗ್ತೀನಿ" ಎಂದರು ಅಕ್ಕ.

"ತಂದಿದ್ದನ್ನ ಯಾಕೆ ವಾಪಸ್ ತಗೊಂಡು ಹೋಗ್ತೀರಿ?" ಎಂದರು ಹೆಂಡತಿ. "ಬೆಳಿಗ್ಗೆ ಹೊತ್ತು ಇದಕ್ಕೆ ಚಳಿ."

ಮುಂಗಾಲೆರಡೂ ತೋಳಿನಲ್ಲಿ ಸರಿಯಾಗಿ ಕೂತವು. ಹಿಂಗಾಲಿಗೆ ಮಾತ್ರ ಅಕ್ಕ ಏನೂ ಹೆಣೆದಿರಲಿಲ್ಲ. ಅದಕ್ಕಾಗಿ ಅವರು ಅಲ್ಲೇ ಕ್ಷಮೆ ಕೇಳಿದರು, ನಾಯಿಯನ್ನು. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂದಿನಿಂದ ಆ ಬೀದಿಯಲ್ಲಿ ಹೊತ್ತು ಹೊತ್ತಿಗೆ ಟಣ್ ಟಣ್ ಕೇಳುತ್ತದೆ. ಡಬ್ಬಿ ಹಳೆಯದು, ಊಟ ಮನೆಯದು. ನೆಲಕ್ಕೆ ತಾಗಿದ್ದ ಚೀಲವೂ ಡಬ್ಬಿಯ ಸದ್ದಿನೊಂದಿಗೆ ಸಲೀಸಾಗಿ ಖರ್ಚಾಯಿತು. ಕಚೇರಿಯ ಕ್ಯಾಂಟೀನಿನಲ್ಲಿ ನೋಡೋಣಪ್ಪನವರು ತಮ್ಮ ಎರಡನೆಯ ಭಾಷಣ ಮಾಡಿದರು, ನಾಯಿಯ ಊಟ ಎಷ್ಟು ಅಗ್ಗ ಎಂಬುದರ ಬಗ್ಗೆ. ಮೊಟ್ಟೆಯ ದುಡ್ಡು ಕೊಡಲು ಹೋದರು. ಕ್ಯಾಂಟೀನಿನವರು ತೆಗೆದುಕೊಳ್ಳಲಿಲ್ಲ. "ನಾಯಿ ಅಂತ ಗೊತ್ತಿದ್ರೆ ಎರಡು ಕೊಡ್ತಿದ್ದೆ" ಎಂದರು.

ಅದೇ ಭಾನುವಾರ ರಾತ್ರಿ ದೀಪ ಆರಿಸುವ ಮುಂಚೆ ಹೆಂಡತಿ ಖಡಾಖಂಡಿತವಾಗಿ ಹೇಳಿದರು. "ರೀ, ಇಟ್ಕೊಂಡಿದ್ದು ಆಯ್ತು. ಆದ್ರೆ ಹಾಸಿಗೆ ಮೇಲೆ ಮಾತ್ರ ಹತ್ತಿಸಕೂಡದು. ಕೆಳಗೇ ಮಲಗಲಿ. ಆಯ್ತಾ?"

ನೋಡೋಣಪ್ಪನವರು ಹೊದಿಕೆಯನ್ನು ಸ್ವಲ್ಪ ಮೇಲಕ್ಕೆಳೆದುಕೊಂಡರು. ಅದರಡಿ, ಹಳದಿ ಸ್ವೆಟರ್ ತೊಟ್ಟ ಯಾರೋ ಆಗಲೇ ಗೊರಕೆ ಹೊಡೆಯುತ್ತಿದ್ದರು.

"ನೋಡೋಣ" ಎಂದರು.